ಮದುವೆಗಳೆಲ್ಲ ಎಲ್ಲಿ ಹೋದವು

ಜನವರಿ 19, ಸೋಮವಾರ

ಇವತ್ತು ಸ್ಟುಡಿಯೋ ಬಾಗಿಲು ತೆಗೆದೆ. ಇವರು ಬಿದ್ದ ದಿನದಿಂದ ಷಟರ್ ಎತ್ತಿರಲಿಲ್ಲ. ಅದೂ ನನ್ನ ಮೇಲೆ ಮುನಿಸಿಕೊಂಡು ಅರ್ಧಕ್ಕೇ ನಿಂತಿತು. ಪಕ್ಕದ ಬೇಕರಿಯ ಸಣ್ಣರಂಗಯ್ಯ ಬಂದು ಎತ್ತಿಕೊಟ್ಟರು. "ಯಜಮಾನ್ರು ಹೆಂಗವ್ರಕ್ಕಾ?" ಅಂದರು. "ಪರವಾಗಿಲ್ಲ" ಅಂದೆ. ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಏನು ಪರವಾಗಿಲ್ಲ? ಬಲಗೈ ಏಳುವುದಿಲ್ಲ, 'ಆ' ಅನ್ನುವುದು ಬಿಟ್ಟರೆ ಬಾಯಿಂದ ಇನ್ನೊಂದು ಅಕ್ಷರ ಹೊರಡುವುದಿಲ್ಲ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ, ಯಾವ ಕಾರಣಕ್ಕೂ ಟೆನ್ಷನ್ ಕೊಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಟೆನ್ಷನ್ನೆಲ್ಲ ನನಗೇ ಬಂದು ಸೇರಿಕೊಂಡಿದೆ. ಅದಕ್ಕೇ ಈ ಡೈರಿ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ.

ಇವರು ಆಸ್ಪತ್ರೆಯಲ್ಲಿದ್ದಾಗಲೇ ಕಂಪ್ಯೂಟರೂ ಕೈಕೊಟ್ಟಿತ್ತು. ಸಂಕ್ರಾಂತಿ ರಜಕ್ಕೆ ಬಂದ ನಮ್ಮಣ್ಣನ ಮಗಳು ಶಿವರಂಜನಿ ಅದನ್ನು ಬಿಚ್ಚಿ, ಹಳೇ ವಿಂಡೋಸಿನ ಜಾಗದಲ್ಲಿ ಉಬುಂಟು ಅಂತ ಏನೋ ಹಾಕಿ ಹೋದಳು. ಅವಳು ಕೊರಟಗೆರೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. "ನಮ್ ಶಾಲೇಲೂ ಇದೇ ಇರೋದು ಅತ್ತೆ. ಮಾವನ ಫೋಟೋಗಳು ಇದ್ದ ಕಡೆ ನಾನು ಕೈ ಇಟ್ಟಿಲ್ಲ, ಎಲ್ಲ ಅಂಗೇ ಅವೆ" ಅಂದಳು.

ಎಲ್ಲಿ ಹಾಗೇ ಇವೆ? ಇಷ್ಟು ವರ್ಷ ನನ್ನ ಕೆಲಸ ಕೌಂಟರಿನದು. ಮದುಮಗಳ ನೆರಿಗೆ ಸರಿ ಮಾಡುವುದು, ಗಲ್ಲ ಎತ್ತಿ ಕೂರಿಸುವುದು, ಅಳುವ ಕೂಸಿಗೆ ಗಿಲಕಿ ಆಡಿಸುವುದು. ಕಂಪ್ಯೂಟರ್ ಇವರದು, ನಾನು ಧೂಳು ಒರೆಸಲೂ ಹೆದರುತ್ತಿದ್ದೆ. ಆದರೂ ಕಣ್ಣಿಂದ ನೋಡಿದ್ದೇನೆ. ಇವರು 'ಮೈ ಕಂಪ್ಯೂಟರ್' ಒತ್ತುವರು, ಅದರೊಳಗೆ 'ಡಿ' ಒತ್ತುವರು, ಡಿ ಒಳಗೆ ಊರೂರಿನ ಮದುವೆಗಳು. ಈಗ ನೋಡಿದರೆ ಮೈ ಕಂಪ್ಯೂಟರೂ ಇಲ್ಲ, ಡಿಯೂ ಇಲ್ಲ. 'ಹೋಮ್' ಅಂತ ಒಂದಿದೆ. ಒಳಗೆ ಹೋದರೆ ಖಾಲಿ ಮನೆ.

ಜನವರಿ 20

ರಂಜನಿ ಫೋನ್ ಎತ್ತಲಿಲ್ಲ. ಆರು ಸಲ ಮಾಡಿದೆ. ಪಾಠ ಮಾಡುತ್ತಿದ್ದಳಂತೆ. ಮಾಡಲಿ.

ಇವರು ಪ್ರಿಂಟ್ ಏನಾದರೂ ಹಾಕಿ ಇಟ್ಟಿರಬಹುದು ಎಂದು ಟ್ರಂಕು ತೆಗೆದೆ. ನಮ್ಮ ಮಾವ ಪರ್ವತಯ್ಯನವರ ಕಾಲದ ನೆಗೆಟಿವ್ ಕವರುಗಳು ಮಾತ್ರ ಇದ್ದವು. ಮದುವೆಯ ಕವರಾದರೆ ನೆತ್ತಿಯಲ್ಲಿ ಒಂದು ಕುಂಕುಮದ ಬೊಟ್ಟು ಇಡಲೇಬೇಕು, ಸತ್ತವರ ಫೋಟೋದ ಕವರಿಗೆ ಇಡುವ ಹಾಗಿಲ್ಲ. ಅದು ಮಾವನವರ ಕಟ್ಟಪ್ಪಣೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬೊಟ್ಟಿಡುವ ಕೆಲಸ ನನ್ನದೇ ಆಗಿತ್ತು. ಕುಂಕುಮ ಇನ್ನೂ ಹಾಗೇ ಕಚ್ಚಿಕೊಂಡಿದೆ.

ಜನವರಿ 23, ಶುಕ್ರವಾರ



ಮಧ್ಯಾಹ್ನ ರಂಜನಿ ಫೋನಿನಲ್ಲೇ ದಾರಿ ಹೇಳಿದಳು. "ಇದ್ರಲ್ಲಿ ಸಿ, ಡಿ ಅಂತ ಇರಲ್ಲ ಅತ್ತೆ. ಎಡಗಡೆ ಕೆಳಗೆ 'ಅದರ್ ಲೊಕೇಶನ್ಸ್' ಅಂತ ಇದೆ ನೋಡಿ, ಅದನ್ನ ಒತ್ತಿ. ದೊಡ್ಡ ಡಿಸ್ಕು ಕಾಣುತ್ತಲ್ಲ, ಅದೇ ಮಾವನ ಡಿ." ಒತ್ತಿದೆ. ತೆರೆಯಿತು. ಅಬ್ಬಾ ಶಿವನೇ ಅಂತ ಉಸಿರು ಬಿಟ್ಟೆ. ಆಮೇಲೆ ಹೆಸರು ಓದುತ್ತಾ ಹೋದೆ.

ಬಿಜವರದ ಈರಕ್ಕ ತಿಥಿ. ದೊಡ್ಡೇರಿ ನಂಜಪ್ಪ ತಿಥಿ. ಮಿಡಿಗೇಶಿ ಪಟಾಲಮ್ಮ ತಿಥಿ. ಕೆಳಗೆ ಇಳಿಸಿದಷ್ಟೂ ತಿಥಿಗಳೇ. ನಡುವೆ ಒಂದೆರಡು ಪಾಸ್‌ಪೋರ್ಟ್ ಸೈಜಿನ ಫೋಟೋಗಳ ಫೋಲ್ಡರು. ಮದುವೆ ಒಂದೂ ಇಲ್ಲ. ನಾಮಕರಣವಿಲ್ಲ, ಗೃಹಪ್ರವೇಶವಿಲ್ಲ, ಸೀಮಂತವಿಲ್ಲ. ಇಡೀ ತಾಲ್ಲೂಕಿನಲ್ಲಿ ಯಾರೂ ಮದುವೆಯೇ ಆಗಿಲ್ಲ, ಬರೀ ಸತ್ತಿದ್ದಾರೆ ಅನ್ನುವ ಹಾಗಿದೆ. "ಹುಡುಕು ಅಂತ ಒಂದು ಭೂತಗನ್ನಡಿ ಇದೆ, ಅದ್ರಲ್ಲಿ ಮದುವೆ ಅಂತ ಬರೀರಿ" ಅಂದಳು. ಬರೆದೆ. ಏನೂ ಸಿಗಲಿಲ್ಲ ಅಂದಿತು.

ಇನ್ನೊಂದು ವಿಷಯ ರಂಜನಿಗೆ ಹೇಳಲಿಲ್ಲ. ಆ ತಿಥಿಗಳ ಸಾಲಿನಲ್ಲಿ ಇನ್ನೊಂದು ಫೋಲ್ಡರಿದೆ. 'ಬಸವೇಶ್' ಎಂದು ಬರೆದಿದೆ. ನನ್ನ ಗಂಡನ ಹೆಸರು.

ಹೋದ ವರ್ಷ ಬಿಪಿ ಜಾಸ್ತಿ ಇದೆ ಅಂತ ಡಾಕ್ಟರು ಹೇಳಿದ ದಿನ ಇವರು ಊಟಕ್ಕೆ ಕೂತು ನಗುತ್ತಾ, "ಸತ್ ಮೇಲೆ ಎಲ್ರೂ ಫೋಟೋಗೆ ಪರದಾಡ್ತಾರೆ ಕಣೇ. ನಂದು ನಾನೇ ರೆಡಿ ಮಾಡಿ ಮಡಗ್ತೀನಿ, ನೀನು ಪ್ರಿಂಟ್ ಒತ್ತಿದ್ರೆ ಸಾಕು" ಅಂದಿದ್ದರು. ಸಾರಿನ ಸೌಟು ನೆಲಕ್ಕೆ ಬಡಿದು ಎದ್ದುಹೋಗಿದ್ದೆ. ತಮಾಷೆ ಅಂದುಕೊಂಡಿದ್ದೆ. ಮಾಡಿಯೇ ಇಟ್ಟಿದ್ದಾರೆ ಮಹಾರಾಯರು.

ತೆರೆದು ನೋಡಲಿಲ್ಲ. ನೋಡುವುದಿಲ್ಲ.

ಜನವರಿ 24

ಏನೂ ಬೇಡ.

ಜನವರಿ 28, ಬುಧವಾರ

ಇವತ್ತು ರಾಯಚರ್ಲಿನ ಚಿಕ್ಕಹನುಮಕ್ಕ ಬಂದಿದ್ದಳು. ಅವಳ ಮಗಳು ವೇದಾವತಿಯ ಮದುವೆ ಕಾರ್ತಿಕದಲ್ಲಾಯಿತು. ಇವರು ತೆಗೆದ ಕೊನೆಯ ದೊಡ್ಡ ಮದುವೆ ಅದು. ಆಲ್ಬಮ್ ಮಾಡುವಷ್ಟರಲ್ಲಿ ಬಿದ್ದರು. ಕ್ಯಾಮೆರಾದ ಕಾರ್ಡು ನೋಡಿದ್ದೇನೆ, ಖಾಲಿ. ಕಂಪ್ಯೂಟರಿಗೆ ಹಾಕಿಕೊಂಡು ಅಳಿಸುವುದು ಇವರ ಪದ್ಧತಿ.

"ಏಮ್ಮಾ, ನಮ್ ಆಲ್ಬಮ್ ಆಯ್ತಾ? ಬೀಗರ ಮನೇಲಿ ಕೇಳಿ ಕೇಳಿ ಸಾಕಾಗೋಗವ್ರೆ" ಅಂದಳು.

"ಆಗ್ತಾ ಇದೆ ಕಣವ್ವ. ಯಜಮಾನ್ರು ಸ್ವಲ್ಪ ಸುಧಾರಿಸ್ಕೊಳ್ಳಲಿ" ಅಂದೆ. ಎದುರಿಗೇ ಸುಳ್ಳು ಹೇಳಿದೆ. ಅವಳು ಅದಕ್ಕೆ ಚೀಲದಿಂದ ಹುಣಸೆಹಣ್ಣು ತೆಗೆದು ಕೌಂಟರಿನ ಮೇಲಿಟ್ಟಳು. "ಅಯ್ಯೋ, ಆತುರ ಇಲ್ಲ ಬುಡ್ರಿ. ಆವಯ್ಯ ಮೊದ್ಲು ಎದ್ದು ಓಡಾಡ್ಲಿ" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ನೆನಪಿದೆ ಆ ಮದುವೆ. ಅವಳ ಗಂಡ ದೊಡ್ಡಹನುಮಯ್ಯ ಕ್ಯಾಮೆರಾ ಕಂಡರೆ ಸಾಕು, ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಓಡುತ್ತಿದ್ದ. ಹೊಲವನ್ನು ಸೋಲಾರಿಗೆ ಕೊಟ್ಟು, ಈಗ ಅದೇ ಹೊಲದಲ್ಲಿ ಪ್ಯಾನಲ್ಲಿನ ಕೆಳಗೆ ಹುಲ್ಲು ಕೊಯ್ಯುವ ಕೆಲಸ ಅವನಿಗೆ. "ನಂದ್ಯಾಕೆ ಸಾಮಿ, ಹುಡ್ಗೀದ್ ತೆಗೀರಿ" ಅನ್ನುತ್ತಿದ್ದ. ಕೊನೆಗೆ ನಾನೇ ರಟ್ಟೆ ಹಿಡಿದು ತಂದು ಮಗಳ ಪಕ್ಕ ಕೂರಿಸಿ ಪೇಟ ಸರಿಮಾಡಿದೆ. ಇವರು ಏನೋ ಕೀಟಲೆ ಮಾಡಿದರು. ಹನುಮಯ್ಯ ಮುಂದಿನ ಎರಡು ಹಲ್ಲಿಲ್ಲದ ಬಾಯಿ ಬಿಟ್ಟು ಗಹಗಹಿಸಿ ನಕ್ಕ. ಆಗ ಫ್ಲಾಶ್ ಬಿತ್ತು.

ಇವತ್ತು ಒಬ್ಬರಿಗೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟೆ. ತಲೆ ಕೊಂಚ ವಾರೆಯಾಯಿತು, ಪರವಾಗಿಲ್ಲ ಅಂದರು.

ಫೆಬ್ರವರಿ 2, ಸೋಮವಾರ

ರಂಜನಿಗೆ ಬಾಯಿಗೆ ಬಂದಂತೆ ಬೈದೆ. "ನೀನೇ ಅಳಿಸಿಬಿಟ್ಟು ನನ್ನ ಕಣ್ಣಿಗೆ ಮಣ್ಣೆರಚ್ತಾ ಇದ್ದೀಯ" ಅಂದೆ. "ಅತ್ತೆ, ನಾನು ಅಳಿಸಿದ್ರೆ ತಿಥಿಗಳು ಮಾತ್ರ ಹೆಂಗೆ ಉಳೀತವೆ? ಒಂದ್ ಸಲ ಡಿಸ್ಕಿನ ಮೇಲೆ ಬಲಗಡೆ ಒತ್ತಿ ಎಷ್ಟು ತುಂಬಿದೆ ನೋಡಿ" ಅಂದಳು. ನೋಡಿದೆ. ಬಹುತೇಕ ತುಂಬಿದೆ ಅಂತ ತೋರಿಸುತ್ತದೆ. ಕಾಣುವುದು ಒಂದು ಹಿಡಿ ತಿಥಿ, ತುಂಬಿರುವುದು ಮಾತ್ರ ಕಣಜ. "ಏನೋ ಇದೆ ಅತ್ತೆ, ಎಲ್ಲಿದೆ ಅಂತ ನಂಗೂ ಗೊತ್ತಾಗ್ತಿಲ್ಲ" ಅಂದು ಅತ್ತೇಬಿಟ್ಟಳು. ನಾನು ಫೋನಿಟ್ಟೆ. ಅಳಲಿ ಅಂತ ಬಿಟ್ಟೆ. ಕೆಟ್ಟ ಕೋಪ ನನ್ನದು.

ಫೆಬ್ರವರಿ 3, ಮಂಗಳವಾರ

ದೊಡ್ಡಹನುಮಯ್ಯ ಹೋಗಿಬಿಟ್ಟ.

ನಿನ್ನೆ ಬೆಳಿಗ್ಗೆ ಹುಲ್ಲು ಕೊಯ್ಯುತ್ತಿದ್ದವನು ಎದೆ ಹಿಡಿದು ಕೂತನಂತೆ, ಅಷ್ಟೇ. ಮಗ ಯುವರಾಜ್ ಫೋನ್ ಮಾಡಿದ್ದ. "ಆಂಟೀ, ತಿಥಿ ಹನ್ನೆರಡನೇ ತಾರೀಕು, ಗುರುವಾರ. ನಮ್ಮಪ್ಪಂದು ಒಂದೂ ಫೋಟೋ ಇಲ್ಲ. ನಮ್ ಫೋನ್‌ಗಳಲ್ಲಿ ಇರೋವೆಲ್ಲ ಬೆನ್ನು, ಇಲ್ಲಾಂದ್ರೆ ಬಕೆಟ್ಟು. ಆಧಾರ್ ಕಾರ್ಡಲ್ಲಿ ಕಳ್ಳನ್ ತರ ಅವ್ನೆ, ಅದಕ್ಕೆ ಹಾರ ಹಾಕ್‌ಬ್ಯಾಡ್ರೋ ಅಂತ ಅಮ್ಮ ಅಳ್ತಾವ್ಳೆ. ಅಕ್ಕನ ಮದ್ವೇದು ಒಂದೈತಂತಲ್ಲ, ನಗ್ತಾ ಇರೋದು. ಅದನ್ನ ಫ್ರೇಮ್ ಹಾಕ್ಕೊಡ್ರಿ" ಅಂದ.

ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಆಯ್ತಪ್ಪಾ" ಅಂದೆ. ನನ್ನ ಬಾಯಿಗೆ ಬೀಗ ಹಾಕಬೇಕು. ಎಲ್ಲಿಂದ ತರಲಿ?

ಫೆಬ್ರವರಿ 6, ಶುಕ್ರವಾರ

ಇವರಿಗೆ ಕಂಪ್ಯೂಟರ್ ಬದಲಾಗಿದ್ದು ಗೊತ್ತಿಲ್ಲ. ಫೋಟೋ ಕಾಣುತ್ತಿಲ್ಲ ಎಂದು ಗೊತ್ತಾದರೆ ಏನಾಗುತ್ತದೋ ಎಂಬ ಭಯ. ಇವತ್ತು ಗಂಜಿ ಕುಡಿಸುತ್ತಾ ಹಗುರಾಗಿ ಕೇಳಿದೆ, "ಅಲ್ಲಾ ರೀ, ಮದುವೆ ಫೋಟೋಗಳನ್ನೆಲ್ಲ ಎಲ್ಲಿ ಇಡ್ತಿದ್ರಿ?"

ಎಡಗೈ ಎತ್ತಿ ಬೆರಳನ್ನು ಹಣೆಗೆ ಮುಟ್ಟಿಸಿದರು.

ಹಣೆಬರಹ ಅಂದಂತಾಯಿತು. ತಲೆನೋವಾ ಅಂದೆ. ಇಲ್ಲ ಎಂದು ತಲೆ ಆಡಿಸಿದರು. ವಿಭೂತಿ ಬೇಕಾ ಅಂತ ತಂದು ಹಚ್ಚಿದೆ. ಸಿಟ್ಟಿನಿಂದ ಒರೆಸಿಕೊಂಡರು. ಆಮೇಲೆ ಕೈ ಚಾಚಿ ನನ್ನ ಹಣೆಯ ಬೊಟ್ಟು ಮುಟ್ಟಿದರು. 'ಆ, ಆ' ಅಂದರು. ಕಣ್ಣಲ್ಲಿ ನೀರಿತ್ತು.

ಅರ್ಥವಾಗದೆ ಇರಲು ನಾನೇನು ಎಳೆಕೂಸೇ? ಈ ಬೊಟ್ಟು ಇನ್ನೆಷ್ಟು ದಿನ ಅಂತ ಇವರಿಗೇ ಹೆದರಿಕೆ ಹತ್ತಿದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಫೋಲ್ಡರು ಕಣ್ಣ ಮುಂದೆಯೇ ಇತ್ತು.

ಫೆಬ್ರವರಿ 8

ಮತ್ತೆ ಹಣೆ ಮುಟ್ಟಿದರು. ನಾನು ಮುಖ ತಿರುಗಿಸಿದೆ.

ರಂಜನಿ ಮನೆಗೇ ಬಂದಿದ್ದಳು. ಬೈದದ್ದಕ್ಕೆ ಒಂದು ಮಾತೂ ಆಡದೆ ಸ್ಟುಡಿಯೋಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಬೆಳಗಿಂದ ಹುಡುಕಿದಳು. "ತುಮಕೂರಲ್ಲಿ ಡಿಸ್ಕಿಂದ ಫೋಟೋ ತೆಗ್ಸಿಕೊಡೋರು ಇದ್ದಾರಂತೆ ಅತ್ತೆ, ಆದ್ರೆ ವಾರ ಹಿಡಿಯುತ್ತೆ ಅಂತಾರೆ" ಅಂದಳು. ತಿಥಿ ಗುರುವಾರ. ವಾರ ಎಲ್ಲಿದೆ? ಅವಳಿಗೆ ಅವರೆಕಾಳಿನ ಉಪ್ಪಿಟ್ಟು ಮಾಡಿಕೊಟ್ಟೆ. ತಿಂದಳು. ತಪ್ಪಾಯ್ತು ಅನ್ನಬೇಕಿತ್ತು, ಅನ್ನಲಿಲ್ಲ. ಎರಡನೇ ಸಲ ಬಡಿಸಿದೆ.

ಫೆಬ್ರವರಿ 10, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಬೆಳಿಗ್ಗೆ ಎದ್ದಾಗಲೇ ತೀರ್ಮಾನ ಮಾಡಿದ್ದೆ. ಆ ಹೆಂಗಸಿಗೆ ಸುಳ್ಳು ಹೇಳಿ ತಿಥಿಯ ದಿನ ಖಾಲಿ ಗೋಡೆ ತೋರಿಸುವುದು ನನ್ನಿಂದಾಗದು. ಇವರಿಗೇ ತೋರಿಸಿ ಕೇಳುವುದು. ಆಟೋದಲ್ಲಿ ಕೂರಿಸಿಕೊಂಡು ಬಂದೆ. ಸಣ್ಣರಂಗಯ್ಯ ಕಂಕುಳಿಗೆ ಕೈಕೊಟ್ಟು ಇಳಿಸಿ, ಇವರ ಕುರ್ಚಿಯಲ್ಲೇ ಕೂರಿಸಿದರು. ಇವರು ಮೊದಲು ಗೋಡೆ ನೋಡಿದರು, ಪರದೆ ನೋಡಿದರು, ಲೈಟು ನೋಡಿದರು. ಕಂಪ್ಯೂಟರ್ ಹಾಕಿದೆ. ಹೊಸ ಬಣ್ಣ ಕಂಡು ಹುಬ್ಬು ಗಂಟಿಕ್ಕಿದರು.

"ರೀ, ಹೆದರಬೇಡಿ. ಹಳೇದು ಕೆಟ್ಟಿತ್ತು, ಬೇರೆ ಹಾಕಿಸಿದ್ದೀವಿ. ತಿಥಿಗಳೆಲ್ಲ ಅವೆ, ಮದುವೆ ಒಂದೂ ಕಾಣ್ತಾ ಇಲ್ಲ. ದೊಡ್ಡಹನುಮಯ್ಯ ತೀರ್ಕೊಂಡ. ಅವನ ಫೋಟೋ ಬೇಕು" ಅಂತ ಒಂದೇ ಉಸಿರಿಗೆ ಅಂದೆ. ಅಂದು ಅವರ ಬಾಯಿಯನ್ನೇ ನೋಡುತ್ತಾ ನಿಂತೆ, ಎಲ್ಲಿ ಮತ್ತೆ ವಾರೆಯಾಗುತ್ತದೋ ಅಂತ. ಕೈಯಲ್ಲಿ ಫೋನು, ಡಾಕ್ಟರ ನಂಬರು.

ಬಾಯಿ ವಾರೆಯಾಗಲಿಲ್ಲ. ಹಣೆ ಮುಟ್ಟಿಕೊಂಡರು. ನನ್ನ ಕಡೆ ತಿರುಗಿ ನನ್ನ ಹಣೆ ತೋರಿಸಿದರು. ನಾನು ಇನ್ನೇನು ಅಳಬೇಕು, ಅಷ್ಟರಲ್ಲಿ ಆ ಬೆರಳು ಕೆಳಗಿಳಿದು ಕೀಬೋರ್ಡಿನ ಮೇಲೆ ಬಂದು ನಿಂತಿತು.

ಏನೋ ಬರೆಯಬೇಕೆನ್ನುತ್ತಾರೆ ಅಂತ ತಿಳಿದು, ರಂಜನಿ ಕಲಿಸಿದ್ದ ಹಾಗೆ 'ಹೊಸ ಫೋಲ್ಡರ್' ಒತ್ತಿ, ಇವರ ಸಮಾಧಾನಕ್ಕೆ 'ವೇದಾವತಿ ಮದುವೆ' ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದೆ. ಇವರು ತಲೆ ಅಡ್ಡಡ್ಡ ಆಡಿಸಿದರು. ನನ್ನ ಕೈ ತಳ್ಳಿ, ಎಡಗೈಯ ಒಂದೇ ಬೆರಳಿನಿಂದ ಬರಹದ ಮಿಣುಕು ಗೆರೆಯನ್ನು ಹೆಸರಿನ ಶುರುವಿಗೆ ತಂದರು. ಆಮೇಲೆ ಫುಲ್‌ಸ್ಟಾಪಿನ ಗುಂಡಿ ಒತ್ತಿದರು. ವೇದಾವತಿಯ ಹೆಸರಿನ ಮುಂದೆ ಒಂದು ಚುಕ್ಕಿ ಬಂತು.

ಬೊಟ್ಟು!

ಮಾವ ಕವರಿಗೆ ಇಡಿಸುತ್ತಿದ್ದ ಬೊಟ್ಟನ್ನು ಇವರು ಕಂಪ್ಯೂಟರಿನಲ್ಲೂ ಇಡುತ್ತಿದ್ದರು. ಶುಭಕಾರ್ಯಕ್ಕೆಲ್ಲ ಹೆಸರಿನ ಮುಂದೊಂದು ಚುಕ್ಕಿ. ತಿಥಿಗೆ ಇಲ್ಲ. ನನಗೆ ಒಂದು ದಿನವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಚುಕ್ಕಿ ಬಿದ್ದದ್ದೇ ತಡ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಕೂಡಿಸಿ ಕೂಡಿಸಿ ಓದಿದೆ. ಹೆಸರಿನ ಮೊದಲಲ್ಲಿ ಚುಕ್ಕಿ ಇರುವ ಫೋಲ್ಡರುಗಳನ್ನು ಬಚ್ಚಿಡಲಾಗುತ್ತದೆ ಅಂತ! 'ಆಗಲಿ' ಅಂತ ಒತ್ತಿದೆ. ಈಗ ತಾನೇ ಮಾಡಿದ ಫೋಲ್ಡರು ಪರದೆಯ ಮೇಲಿಲ್ಲ. ಹಳೇ ಕಂಪ್ಯೂಟರಿಗೆ ಬೊಟ್ಟು ಬರೀ ಬೊಟ್ಟಾಗಿತ್ತು. ಈ ಹೊಸದು ಬೊಟ್ಟು ಕಂಡರೆ ಒಳಗಿಟ್ಟು ಬಾಗಿಲು ಹಾಕುತ್ತದೆ.

ರಂಜನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಬಿಡುವಿನಲ್ಲಿದ್ದಳು. "ಬಚ್ಚಿಟ್ಟಿದ್ದನ್ನ ತೋರ್ಸು ಅಂತ ಇದಕ್ಕೆ ಎಲ್ಲಿ ಹೇಳ್ಬೇಕೇ?" ಅಂದೆ. ಅವಳು, "ಅಯ್ಯೋ ದೇವರೇ! ಮೇಲೆ ಮೂರು ಗೆರೆ ಇದೆ ನೋಡಿ ಅತ್ತೆ, ಅದ್ರೊಳಗೆ ಹುಡುಕಿ" ಅಂದಳು. ಸಿಕ್ಕಿತು. ಒತ್ತಿದೆ.

ಬಂದವು. ಪರದೆ ತುಂಬ ಬಂದವು. ತಾವರೆಕೆರೆ ಮದುವೆ, ಕೊರಟಗೆರೆ ಗೃಹಪ್ರವೇಶ, ತಿರುಮಣಿ ಸೀಮಂತ, ಒಂದೊಂದರ ಮುಂದೆಯೂ ಬೊಟ್ಟು. ಕೆಳಗಿಳಿಸಿದಷ್ಟೂ ಮುಗಿಯುತ್ತಿಲ್ಲ. ನಾನು "ಅಯ್ಯೋ ನನ್ನಪ್ಪಾ, ಅಯ್ಯೋ ನನ್ನಪ್ಪಾ" ಅಂತ ಕೂಗಿದ್ದಕ್ಕೆ ಸಣ್ಣರಂಗಯ್ಯ ಬನ್ ಹಿಡಿದುಕೊಂಡೇ ಓಡಿಬಂದರು, ಇವರಿಗೇ ಏನೋ ಆಯಿತು ಅಂತ. ಇವರು ನಗುತ್ತಿದ್ದರು. ನಕ್ಕರೆ ಅರ್ಧ ಮುಖ ಮಾತ್ರ ನಗುತ್ತದೆ. ಸಾಕು ನನಗೆ.

'ರಾಯಚರ್ಲು ವೇದಾವತಿ' ಒಳಗೆ ಹೋದೆ. ದೊಡ್ಡಹನುಮಯ್ಯ ಸಿಕ್ಕಿದ. ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಾನೆ.

ಫೆಬ್ರವರಿ 12, ಗುರುವಾರ

ಇವರನ್ನು ನೋಡಿಕೊಳ್ಳಲು ರಂಜನಿ ರಜ ಹಾಕಿ ಬಂದಿದ್ದಳು. ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು ತಪ್ಪಾಯ್ತು ಕಣೇ ಅಂದೆ. "ಬುಡಿ ಅತ್ತೆ, ಬಸ್ ಹೋಗುತ್ತೆ" ಅಂದಳು.

ಫ್ರೇಮನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ನಿನ್ನೆಯೆಲ್ಲ ಕೂತು ಅದನ್ನು ಮಾಡಿದ್ದು. ಇವರು ಪಕ್ಕದಲ್ಲಿ ಕೂತು ಬೆರಳಲ್ಲಿ ತೋರಿಸಿದರು; ಇಲ್ಲಿ ಕತ್ತರಿಸು, ಇಲ್ಲಿ ಬೆಳಕು ಮಾಡು. ಹಾಗೆ ಕತ್ತರಿಸುವಾಗ ಅಪ್ಪನ ಹೆಗಲ ಮೇಲಿದ್ದ ವೇದಾವತಿಯ ಕೈ ಅಡ್ಡ ಬಂತು, ಮದರಂಗಿಯ ಕೈ, ಹಸಿರು ಬಳೆ. ಅದನ್ನು ಅಳಿಸು ಎಂದು ಇವರು ತೋರಿಸಿದರು. ನಾನು ಒಪ್ಪಲಿಲ್ಲ. "ಇರಲಿ ಬಿಡಿ, ಆ ಕೈಯೇನು ಭಾರವೇ ಅವನಿಗೆ?" ಅಂದೆ. ಹಾಗೇ ಬಿಟ್ಟೆ.

ರಾಯಚರ್ಲಿನ ದಾರಿಯುದ್ದಕ್ಕೂ ಪ್ಯಾನಲ್ಲುಗಳು, ಕಣ್ಣು ಕುಕ್ಕುತ್ತಿದ್ದವು. ಮನೆಯ ಮುಂದೆ ಶಾಮಿಯಾನ. ಒಳಗೆ ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದರು. ಟವೆಲ್ ಬಿಚ್ಚಿದೆ. ಚಿಕ್ಕಹನುಮಕ್ಕ ಫ್ರೇಮನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ನೋಡ್ರೇ, ಹೆಂಗ್ ನಗ್ತಾವ್ನೆ! ನಂತಾವ ಒಂದಿನಾನೂ ಇಂಗೆ ನಗ್ನಿಲ್ಲ ಈ ಮುದ್ಯಾ. ದೇವುಡಾ, ಎಂಥಾ ನಗು ಬಚ್ಚಿಟ್ಕೊಂಡಿದ್ನಮ್ಮಾ" ಅಂದವಳು ಫೋಟೋದ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು ಎದೆಗವುಚಿಕೊಂಡು ಅತ್ತಳು. ವೇದಾವತಿ ಗಾಜಿನೊಳಗೆ ಅಪ್ಪನ ಹೆಗಲ ಮೇಲೆ ತನ್ನದೇ ಕೈ ನೋಡಿ ನನ್ನ ಹೆಗಲಿಗೆ ಒರಗಿದಳು. ನಾನೂ ಅತ್ತೆ. ಊಟ ಮಾಡಿಯೇ ಹೋಗಬೇಕು ಅಂದರು, ಮಾಡಿದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮನೆಗೆ ಫೋನ್ ಮಾಡುತ್ತಿದ್ದೆ. "ಮಾವ ಚೆನ್ನಾಗವ್ರೆ ಅತ್ತೆ, ಈಗ್ತಾನೆ ಕೇಳಿದ್ರಲ್ಲ" ಅಂತ ರಂಜನಿ ನಕ್ಕಳು. ನನ್ನ ಹೆದರಿಕೆ ಅವಳಿಗೆ ಏನು ಗೊತ್ತು?

ಫೆಬ್ರವರಿ 15, ಭಾನುವಾರ, ಶಿವರಾತ್ರಿ

ಬೆಳಿಗ್ಗೆ ಪೂಜೆ ಮುಗಿಸಿ ಇವರಿಗೆ ವಿಭೂತಿ ಹಚ್ಚಿದೆ. ಈ ಸಲ ಒರೆಸಿಕೊಳ್ಳಲಿಲ್ಲ. 'ಆ' ಅಲ್ಲ, 'ಗ' ಅಂದರು. ಅಂದರೋ, ನನಗೆ ಹಾಗೆ ಕೇಳಿಸಿತೋ. ಇನ್ನೊಂದು ಸಲ ಅನ್ನಿ ಅಂದೆ, ಅನ್ನಲಿಲ್ಲ.

ಮಿಡಿಗೇಶಿಯವರಿಗೆ ನಾಮಕರಣದ ಫೋಟೋ ಕಳಿಸುವುದಿತ್ತು. ಉಪವಾಸದಲ್ಲೇ ಸ್ಟುಡಿಯೋಕ್ಕೆ ಬಂದೆ. ಅವರ ಕೆಲಸ ಮುಗಿಸಿ, ವೇದಾವತಿಯ ಆಲ್ಬಮ್ಮಿಗೆ ಅರ್ಧ ಫೋಟೋ ಆರಿಸಿಟ್ಟೆ. ಬೊಟ್ಟುಗಳನ್ನೆಲ್ಲ ತೆಗೆದುಬಿಡಿ, ಆಗ ಯಾವಾಗಲೂ ಕಾಣುತ್ತವೆ ಅಂತ ರಂಜನಿ ಹೇಳಿದ್ದಾಳೆ. ಮದುವೆಯ ಹಣೆಯ ಬೊಟ್ಟು ಅಳಿಸು ಅಂತಾಳಲ್ಲ ಇವಳು! ಬೇಡ ಅಂದೆ. ತೋರಿಸು ಅಂದರೆ ತೋರಿಸುತ್ತದೆ, ಬಚ್ಚಿಡು ಅಂದರೆ ಬಚ್ಚಿಡುತ್ತದೆ, ಎರಡೂ ನನಗೆ ಬರುತ್ತವೆ.

ಆಮೇಲೆ ಆ ಫೋಲ್ಡರಿನ ಹತ್ತಿರ ಹೋದೆ. ಈರಕ್ಕ, ನಂಜಪ್ಪ, ಪಟಾಲಮ್ಮ, ಈಗ ಹೊಸದಾಗಿ ದೊಡ್ಡಹನುಮಯ್ಯ. ಅವರ ಸಾಲಿನಲ್ಲಿ 'ಬಸವೇಶ್', ಹಣೆ ಖಾಲಿ. ಒಳಗೆ ಎಂಥಾ ಫೋಟೋ ಇಟ್ಟುಕೊಂಡಿದ್ದಾರೋ, ಯಾವ ಅಂಗಿಯಲ್ಲೋ. ಅಳಿಸಿಬಿಡೋಣ ಅನ್ನಿಸಿತು. ಅವರು ಮಾಡಿಟ್ಟದ್ದು, ಅಳಿಸಲು ನಾನು ಯಾರು? ತೆರೆದು ನೋಡಲೂ ಇಲ್ಲ. ಹೆಸರು ಬದಲಿಸು ಅಂತ ಒತ್ತಿ, ಬರಹದ ಗೆರೆಯನ್ನು ಹೆಸರಿನ ಮುಂದಕ್ಕೆ ತಂದು, ಒಂದು ಬೊಟ್ಟು ಇಟ್ಟೆ.

ಬಚ್ಚಿಡು ಎಂದು ಒತ್ತಿದೆ. ಮದುವೆಗಳೆಲ್ಲ ಒಟ್ಟಿಗೆ ಒಳಗೆ ಹೋದವು, ಅವುಗಳ ಜೊತೆ ಇವರೂ ಹೋದರು. ಪರದೆಯ ಮೇಲೆ ಉಳಿದ ಹೆಸರುಗಳನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಇವರ ಹೆಸರು ಅಲ್ಲಿರಲಿಲ್ಲ.

ಷಟರ್ ಎಳೆದು ಬೀಗ ಹಾಕಿ ಮನೆಗೆ ಬಂದೆ.